ಓಡಿಬಂದವನ ತಾಯಿಗೆ ಮುಚ್ಚಿದ ಬಾಗಿಲು

ಅಬಿಡ್ಸ್ ವೃತ್ತದಿಂದ ಕೋಠಿಗೆ ನಡೆದು ಹೋಗಲು ಅರ್ಧ ಗಂಟೆಯೂ ಬೇಕಿಲ್ಲ. ಆರನೆಯ ನಿಜಾಮನ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬಾತನ ಅಂಗಡಿಯಿಂದ ಹೆಸರು ಪಡೆದ ಈ ಪೇಟೆ ಇಂದು ಬಟ್ಟೆಬರೆಗೂ ಭಾನುವಾರದ ಹಳೆಯ ಪುಸ್ತಕಗಳಿಗೂ ಪ್ರಸಿದ್ಧ. ಕೋಠಿಯಲ್ಲಿ ಅಂದಿನ ಬ್ರಿಟಿಷ್ ರೆಸಿಡೆನ್ಸಿಯ ಭವ್ಯ ಕಟ್ಟಡ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಆ ಪರಿಸರದಲ್ಲೇ ತುರ್ರೇಬಾಜ್ ಖಾನನ ಸ್ಮಾರಕ ಸ್ತಂಭವೂ ಇದೆ. ಬಸ್ಸಿಗೆ ಕಾಯುವವರು ಅದರತ್ತ ತಿರುಗಿ ನೋಡುವುದು ಅಪರೂಪ. ಆತ ಸತ್ತದ್ದು ಯಾರಿಗಾಗಿ ಎಂದು ಕೇಳಿದರೆ ಸ್ವಾತಂತ್ರ್ಯಕ್ಕಾಗಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ. ಆದರೆ 1857ರ ಜುಲೈ 17ರ ಶುಕ್ರವಾರ ಆತ ರೆಸಿಡೆನ್ಸಿಯ ಮೇಲೆ ಏರಿಹೋದದ್ದಕ್ಕೆ ತಕ್ಷಣದ ಕಾರಣ ಇನ್ನಷ್ಟು ಸಣ್ಣದು, ಇನ್ನಷ್ಟು ಮಾನುಷವಾದದ್ದು. ಬುಲ್ಡಾಣಾದಲ್ಲಿದ್ದ ಜಮಾದಾರ್ ಚೀದಾ ಖಾನ್, ದಿಲ್ಲಿಯ ಮೇಲೆ ಹೋಗಬೇಕೆಂಬ ಆಜ್ಞೆಯನ್ನು ಒಪ್ಪದೆ, ಕೆಲವು ಸಂಗಡಿಗರೊಡನೆ ಸೇನೆಯನ್ನು ತೊರೆದು ಹೈದರಾಬಾದಿಗೆ ಬಂದಿದ್ದ. ನಿಜಾಮನ ಮಂತ್ರಿ ಸಾಲಾರ್ ಜಂಗ್ ಅವರನ್ನು ಹಿಡಿಸಿ ರೆಸಿಡೆಂಟನ ವಶಕ್ಕೆ ಒಪ್ಪಿಸಿದ್ದ. ಸೆರೆಯಲ್ಲಿದ್ದ ಆ ಸಿಪಾಯಿಗಳನ್ನು ಬಿಡಿಸಲು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳುತನದಲ್ಲಿ ನೂರಾರು ಮಂದಿ ಹೊರಟರು. ದಾಳಿ ವಿಫಲವಾಯಿತು, ಒಬ್ಬ 1859ರಲ್ಲಿ ಗುಂಡೇಟಿಗೆ ಬಲಿಯಾದ, ಇನ್ನೊಬ್ಬ ಅಂಡಮಾನಿಗೆ ಹೋದ.

ಚೀದಾ ಖಾನ್ ಸರ್ಕಾರಿ ಕಡತದ ಪ್ರಕಾರ ಸೇನೆಯಿಂದ ಓಡಿಬಂದವನು. ಊರು ಕಡತದ ಮಾತನ್ನು ಒಪ್ಪಲಿಲ್ಲ.

ಇಂದಿನ ಪ್ರತಿಯೊಬ್ಬ ಓಡಿಬಂದ ಸೈನಿಕನೂ ಚೀದಾ ಖಾನ್ ಅಲ್ಲ. ಇಂದಿನ ಸೇನೆ ಪರದೇಶಿ ಕಂಪನಿಯದಲ್ಲ, ಗಣರಾಜ್ಯದ್ದು. ಕಾವಲಿನ ಜಾಗ ಬಿಟ್ಟು ಹೋದವನಿಂದ ಪಕ್ಕದ ಕಂದಕದಲ್ಲಿರುವ ಇನ್ನೊಬ್ಬ ತಾಯಿಯ ಮಗನ ಜೀವಕ್ಕೆ ಕುತ್ತು ಬರುತ್ತದೆ. ಆದ್ದರಿಂದ ಅದು ಅಪರಾಧ, ಅಪರಾಧವಾಗಿಯೇ ಇರಬೇಕು. ಇಲ್ಲಿನ ತಕರಾರು ಸೇನೆಯ ಶಿಸ್ತಿನೊಡನೆ ಅಲ್ಲ. ಅದು ಸಮಾಜದ ಜೊತೆಗೆ, ಅದರಲ್ಲೂ ಊರು ಬಿಟ್ಟು ಊರಿಗೆ ಬಂದು ಸಂಘ ಕಟ್ಟಿ, ಬಸದಿ ಕಟ್ಟಿ, ಛತ್ರ ಕಟ್ಟಿ, ಗಣರಾಜ್ಯೋತ್ಸವದ ದಿನ ನಿವೃತ್ತ ಯೋಧರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವ ಜೈನ ಸಮಾಜದ ಜೊತೆಗೆ. ವೀರಮರಣ ಹೊಂದಿದವನ ತಾಯಿ ಬಂದರೆ ಎದ್ದು ನಿಲ್ಲುವ ಅದೇ ಸಭೆ, ಸೆರೆಮನೆಯಲ್ಲಿರುವ ಸೈನಿಕನ ತಾಯಿ ಬಂದರೆ ಏನು ಮಾಡುತ್ತದೆ?

ಊಹಿಸುವುದು ಕಷ್ಟವಲ್ಲ. ಕಲಬುರಗಿ, ಬೀದರ್, ರಾಯಚೂರು ಸೀಮೆಯಿಂದ ಬಂದು ಹೈದರಾಬಾದಿನಲ್ಲಿ ಬೇರುಬಿಟ್ಟ ಕನ್ನಡ ಮನೆಗಳಿಗೆ ಇಲ್ಲಿನ ಬೀದಿಗಳು ಪರಸ್ಥಳವಲ್ಲ. 1956ರವರೆಗೆ ಆ ಜಿಲ್ಲೆಗಳಿಗೂ ಇದೇ ರಾಜಧಾನಿ. ಅಂಥ ಮನೆಯೊಂದರ ತಂದೆಯೋ ತಾಯಿಯೋ, ಮಗನನ್ನು ಸೇನೆಯವರು ಹಿಡಿದೊಯ್ದರೆಂಬ ಸುದ್ದಿ ಬಂದಮೇಲೆ, ಅಬಿಡ್ಸಿನ ಹೆಡ್ ಪೋಸ್ಟಾಫೀಸಿನಲ್ಲಿ ರೆಜಿಮೆಂಟಿನ ವಿಳಾಸಕ್ಕೆ ರಿಜಿಸ್ಟರ್ಡ್ ಪತ್ರ ಹಾಕಿ, ಅಲ್ಲಿಂದ ಸಮಾಜದ ಹಿರಿಯರ ಅಂಗಡಿಯ ಮೆಟ್ಟಿಲು ಹತ್ತಿದರೆ ಸಿಗುವ ಉತ್ತರಗಳು ಮೂರೇ. ಮೊದಲನೆಯದು, “ನಮ್ಮವರು ಮಿಲಿಟರಿಗೆ ಹೋಗೋದೇ ಇಲ್ಲಲ್ಲ ಯಜಮಾನರೇ, ನಿಮ್ಮ ಹುಡುಗ ಯಾಕೆ ಹೋದ?” ಎರಡನೆಯದು, “ಇದು ದೇಶದ ವಿಷಯ, ನಾವು ಕೈಹಾಕಿದರೆ ಸಮಾಜಕ್ಕೇ ಕೆಟ್ಟ ಹೆಸರು.” ಮೂರನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಒಂದು ಲೋಟ ಚಹಾ ತರಿಸಿ, ಗಡಿಯಾರ ನೋಡುತ್ತಾರೆ.

ಮೊದಲ ಉತ್ತರಕ್ಕೆ ಚರಿತ್ರೆಯೇ ಸಾಕ್ಷಿಯಾಗಿ ನಿಂತಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಕತ್ತಿ ಹಿಡಿದ ಕೈಯಿಂದಲೇ 978ರಲ್ಲಿ ಪುರಾಣ ಬರೆದವನು. ಆತನ ಹೆಸರಿನಲ್ಲಿ ಪ್ರಶಸ್ತಿ ಕೊಡುವ ಸಮಾಜ, ತನ್ನವರು ಸೇನೆಗೆ ಹೋಗುವುದಿಲ್ಲ ಎಂದು ಹೇಳಿಕೊಳ್ಳುವಾಗ ತುಸು ಅಳುಕಬೇಕು. ಎರಡನೆಯ ಉತ್ತರವೇ ಹೆಚ್ಚು ಅಪಾಯಕಾರಿ. ಅದು ದೇಶಭಕ್ತಿಯ ವೇಷದಲ್ಲಿ ಬರುತ್ತದೆ; ಅದರ ಒಳಗಿರುವುದು ಕಾನೂನಿನ ಅಜ್ಞಾನ.

1950ರ ಸೇನಾ ಕಾಯ್ದೆ ಎರಡು ಬೇರೆಬೇರೆ ಅಪರಾಧಗಳನ್ನು ಎರಡು ಬೇರೆಬೇರೆ ಕಲಮುಗಳಲ್ಲಿ ಇಟ್ಟಿದೆ. 38ನೆಯದು ಪಲಾಯನ. ಯುದ್ಧಸೇವೆಯಲ್ಲಿದ್ದಾಗ ಅಥವಾ ಅದಕ್ಕೆ ಹೊರಡುವ ಆಜ್ಞೆ ಬಂದಿದ್ದಾಗ ಓಡಿಹೋದರೆ ಮರಣದಂಡನೆಯವರೆಗೆ, ಉಳಿದ ಸಂದರ್ಭಗಳಲ್ಲಿ 7 ವರ್ಷದವರೆಗೆ ಸೆರೆವಾಸ. 39ನೆಯದು ರಜೆಯಿಲ್ಲದ ಗೈರುಹಾಜರಿ; ಅದಕ್ಕೆ ಹೆಚ್ಚೆಂದರೆ 3 ವರ್ಷ. ಸಿಕ್ಕ ರಜೆ ಮುಗಿದರೂ ಸಕಾರಣವಿಲ್ಲದೆ ಮರಳದವನೂ ಈ ಎರಡನೆಯದಕ್ಕೇ ಸೇರುತ್ತಾನೆ. ಇವೆರಡರ ನಡುವಿನ ಗೆರೆ ದಿನಗಳ ಲೆಕ್ಕದ್ದಲ್ಲ, ಮನಸ್ಸಿನದು. ಮರಳಿ ಹೋಗಬಾರದೆಂಬ ಸಂಕಲ್ಪವಿತ್ತೇ ಇಲ್ಲವೇ ಎಂಬುದೇ ಪ್ರಶ್ನೆ. ಸೇನೆಯ ಒಬ್ಬ ಕ್ಯಾಪ್ಟನ್ ವೀರೇಂದ್ರ ಕುಮಾರ್ ಪರವಾಗಿ ಅವರ ಪತ್ನಿ ಹೂಡಿದ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ಎತ್ತಿಹಿಡಿಯಿತು: ರಜೆಯಿಲ್ಲದ ಪ್ರತಿಯೊಂದು ಗೈರುಹಾಜರಿಯೂ ಪಲಾಯನವಲ್ಲ. ಆ ತೀರ್ಪು ಬಂದದ್ದು ಮನೆಯವರು ಬಾಗಿಲು ಬಡಿದದ್ದರಿಂದ ಎಂಬುದನ್ನು ಗಮನಿಸಬೇಕು.

ಹಾಗಾದರೆ ಊರಿನವರು ಆಡುವ “ಡೆಸರ್ಟರ್” ಎಂಬ ಮಾತು ಎಲ್ಲಿಂದ ಬರುತ್ತದೆ? ಅದೇ ಕಾಯ್ದೆಯ 106ನೇ ಕಲಮಿನಿಂದ. ಸೈನಿಕನೊಬ್ಬ 30 ದಿನ ಗೈರಾದರೆ ಘಟಕದಲ್ಲಿ ವಿಚಾರಣಾ ಮಂಡಳಿ ಕೂಡುತ್ತದೆ. ಗೈರಾದದ್ದನ್ನೂ ಅವನ ವಶದಲ್ಲಿದ್ದ ಸರ್ಕಾರಿ ಸಾಮಗ್ರಿಯ ಕೊರತೆಯನ್ನೂ ದಾಖಲಿಸುತ್ತದೆ. ಅನಂತರವೂ ಅವನು ಶರಣಾಗದಿದ್ದರೆ, ಸಿಕ್ಕದಿದ್ದರೆ, ಪಲಾಯನ ಮಾಡಿದವನೆಂದು ಪರಿಗಣಿಸಲಾಗುತ್ತದೆ. ಇದು ಅವನ ಬೆನ್ನ ಹಿಂದೆ, ಅವನ ಮಾತನ್ನು ಕೇಳದೆ ನಡೆಯುವ ದಾಖಲಾತಿ. ತೀರ್ಪಲ್ಲ. ಪೊಲೀಸರು ಮನೆಗೆ ಬಂದು ವಿಚಾರಿಸುವುದು ಈ ಘಟ್ಟದಲ್ಲಿ. ಓಣಿಗೆ ಸುದ್ದಿ ಹಬ್ಬುವುದೂ ಆಗಲೇ. ಅಂದರೆ ಸೇನಾ ನ್ಯಾಯಾಲಯ ಕುಳಿತುಕೊಳ್ಳುವ ಮೊದಲೇ ಸಮಾಜ ತನ್ನ ತೀರ್ಪನ್ನು ಕೊಟ್ಟಾಗಿರುತ್ತದೆ.

ಹೀಗೆ ಪರಿಗಣಿಸಿದ್ದು ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಕಾರ್ಗಿಲ್ ಇದೆ. ಆ ವಲಯದಲ್ಲಿ 1999ರಲ್ಲಿ ಕಾಣೆಯಾದ ಲಾನ್ಸ್ ನಾಯಕ್ ಜಗ್ಸೀರ್ ಸಿಂಗ್ ಮತ್ತು ಮೊಹಮ್ಮದ್ ಆರಿಫ್ ಎಂಬ ಇಬ್ಬರನ್ನು ಓಡಿಹೋದವರೆಂದು ಘೋಷಿಸಲಾಯಿತು. ಅವರು ಇದ್ದದ್ದು ಪಾಕಿಸ್ತಾನದ ಸೆರೆಯಲ್ಲಿ. 2004ರ ಆಗಸ್ಟಿನಲ್ಲಿ ಮರಳಿದಾಗ ದೂರದರ್ಶನದ ವಾಹಿನಿಗಳು ಮುಗಿಬಿದ್ದವು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಗಂಡ ಬಾರನೆಂದು ನಂಬಿದ ಆರಿಫನ ಪತ್ನಿಗೆ ಮನೆಯವರು ಬೇರೆ ಮದುವೆ ಮಾಡಿಸಿದ್ದರು. ಆ ಹೆಣ್ಣುಮಗಳ ಬದುಕನ್ನು ಪಂಚಾಯಿತಿಗಳೂ ಕ್ಯಾಮೆರಾಗಳೂ ಸೇರಿ ಎಳೆದಾಡಿದ ರೀತಿಯನ್ನು ಇಲ್ಲಿ ಮತ್ತೆ ಹೇಳುವುದು ಬೇಡ. ಓಡಿಹೋದವನ ಮನೆ ಎಂಬ ಹೆಸರನ್ನು ಐದು ವರ್ಷ ಹೊತ್ತ ಆ ಎರಡು ಕುಟುಂಬಗಳಿಗೆ ಅದನ್ನು ಮರಳಿ ಇಳಿಸಿಕೊಟ್ಟವರು ಯಾರು?

ಈಗ ಮುಖ್ಯವಾದ ಮಾತು. ಮರಳುವ ಮನಸ್ಸಿತ್ತು ಎಂಬುದಕ್ಕೆ ಪುರಾವೆ ಎಲ್ಲಿರುತ್ತದೆ? ರೆಜಿಮೆಂಟಿನ ಕಚೇರಿಯಲ್ಲಿ ಅಲ್ಲ. ಅದು ಇರುವುದು ತಾಯಿತಂದೆಯ ಮನೆಯಲ್ಲಿ. ತಾಯಿಯ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾರ್ಡು, ತಂಗಿಯ ಮದುವೆ ಮುರಿದ ವಾರದ ಪತ್ರ, ಜಮೀನಿನ ವ್ಯಾಜ್ಯದ ನೋಟೀಸು, ರಜೆ ವಿಸ್ತರಿಸಬೇಕೆಂದು ಕಳಿಸಿದ ಅರ್ಜಿಯ ಅಂಚೆ ರಸೀತಿ, ಮರಳಿ ಹೊರಡಲು ಮಾಡಿಸಿ ಆಮೇಲೆ ರದ್ದಾದ ರೈಲು ಟಿಕೆಟ್ಟು, ಮಾನಸಿಕ ವೈದ್ಯರ ಚೀಟಿ, ಮೊಬೈಲಿನಲ್ಲಿ ಉಳಿದ ಸಂದೇಶಗಳು. 7 ವರ್ಷದ ಅಪರಾಧವನ್ನು 3 ವರ್ಷದ ಅಪರಾಧವಾಗಿಸಬಲ್ಲ ಶಕ್ತಿ ಈ ಹಾಳೆಗಳಿಗಿದೆ. ಆದರೆ ನಾಚಿಕೆಯಿಂದ ಬಾಗಿಲು ಹಾಕಿಕೊಂಡ ಮನೆ ಹಾಳೆಗಳನ್ನು ಕೂಡಿಡುವುದಿಲ್ಲ. ಮಗನ ಹೆಸರಿರುವ ಕಾಗದ ಕಂಡರೇ ಅಟ್ಟಕ್ಕೆ ಎಸೆಯುತ್ತದೆ. ಸಮಾಜ ಮುಖ ತಿರುಗಿಸುವ ತಿಂಗಳುಗಳಲ್ಲೇ ಪುರಾವೆ ನಾಶವಾಗುತ್ತದೆ. ಈ ಹಾನಿಯನ್ನು ಆಮೇಲೆ ಯಾವ ಹಿರಿಯ ವಕೀಲನೂ ತುಂಬಿಕೊಡಲಾರ.

ಮಗ ಮನೆಗೇ ಬಂದುಬಿಟ್ಟಿದ್ದರಂತೂ ತಾಯಿತಂದೆಯ ಸ್ಥಿತಿ ಕತ್ತಿಯ ಅಲಗಿನ ಮೇಲೆ. ಓಡಿಬಂದವನೆಂದು ತಿಳಿದೂ ಆಶ್ರಯ ಕೊಡುವುದು 1860ರ ದಂಡ ಸಂಹಿತೆಯ 136ನೇ ಕಲಮಿನಲ್ಲೇ ಅಪರಾಧವಾಗಿತ್ತು. ಅಲ್ಲಿ ವಿನಾಯಿತಿ ಸಿಕ್ಕಿದ್ದು ಹೆಂಡತಿಗೆ ಮಾತ್ರ. ಹೆತ್ತವರಿಗೆ ಅದನ್ನು ಕೊಡಬೇಕೆಂದು 2023ರ ಹೊಸ ಸಂಹಿತೆಗೂ ತೋಚಲಿಲ್ಲ. ಹಸಿದು ಬಂದ ಮಗನಿಗೆ ತಟ್ಟೆ ಇಟ್ಟ ತಾಯಿ ಕಾನೂನಿನ ಕಣ್ಣಲ್ಲಿ ಅಪರಾಧಿಯಾಗುವ ಹಾದಿಯಲ್ಲಿದ್ದಾಳೆ. ಅಂಥ ಹೊತ್ತಿನಲ್ಲಿ ಅವಳಿಗೆ ಬೇಕಾದುದು ಧೈರ್ಯದ ಮಾತಲ್ಲ. ಮಗನನ್ನು ಕರೆದುಕೊಂಡು ಹತ್ತಿರದ ಸೇನಾ ಘಟಕಕ್ಕೆ ಹೋಗಿ ಶರಣಾಗಿಸಿ, ಶರಣಾದ ದಿನ, ಸಮಯ ಬರೆಯಿಸಿಕೊಂಡು ಬರುವ ಒಬ್ಬ ಬಲ್ಲವನು. ತಾನಾಗಿ ಮರಳಿದವನಿಗೂ ಹಿಡಿದು ತಂದವನಿಗೂ ಸಂಕಲ್ಪದ ಪ್ರಶ್ನೆಯಲ್ಲಿ ಬಹಳ ಅಂತರವಿದೆ. ಸಿಕಂದರಾಬಾದಿನ ದಂಡುಪ್ರದೇಶ ಅಬಿಡ್ಸಿನಿಂದ ಒಂದು ಆಟೋ ಪ್ರಯಾಣದ ದೂರ. ಆ ಆಟೋದಲ್ಲಿ ತಾಯಿಯ ಪಕ್ಕ ಕುಳಿತುಕೊಳ್ಳಲು ಸಮಾಜದಿಂದ ಒಬ್ಬರೂ ಬರುವುದಿಲ್ಲ ಎಂಬುದೇ ಪ್ರಕರಣದ ತಿರುಳು.

ಬಂಧನದ ನಂತರ ಕಾಲ ಇನ್ನೂ ವೇಗವಾಗಿ ಓಡುತ್ತದೆ. ಸಾಮಾನ್ಯ ಜವಾನನ ಪ್ರಕರಣ ಸಮರಿ ಕೋರ್ಟ್ ಮಾರ್ಷಲ್ ಮುಂದೆ ಹೋದರೆ ಅಲ್ಲಿ ನ್ಯಾಯಾಲಯ ಎಂದರೆ ಅವನ ಕಮಾಂಡಿಂಗ್ ಆಫೀಸರ್ ಒಬ್ಬರೇ. ಇನ್ನಿಬ್ಬರು ಕುಳಿತಿರುತ್ತಾರೆ, ಆದರೆ ಅವರು ತೀರ್ಪಿನ ಪಾಲುದಾರರಲ್ಲ. ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಸೆರೆವಾಸ ಕೊಡಬಹುದು, ವಜಾ ಮಾಡಬಹುದು. ಮೇಲಧಿಕಾರಿಯ ದೃಢೀಕರಣಕ್ಕೆ ಸಾಮಾನ್ಯವಾಗಿ ಕಾಯಬೇಕಿಲ್ಲ. 1954ರ ಸೇನಾ ನಿಯಮಗಳ 34ನೇ ನಿಯಮದಂತೆ, ಆರೋಪವನ್ನು ತಿಳಿಸಿದ ಮೇಲೆ ವಿಚಾರಣೆಯ ಆರಂಭಕ್ಕೆ ಕನಿಷ್ಠ 96 ಗಂಟೆಗಳ ಅಂತರವಿರಬೇಕು. ಯುದ್ಧಸೇವೆಯಲ್ಲಿದ್ದರೆ 24 ಗಂಟೆ ಸಾಕು. 96 ಗಂಟೆ ಎಂದರೆ ನಾಲ್ಕು ದಿನ. ಹೈದರಾಬಾದಿನಿಂದ ಜಮ್ಮುವಿಗೆ ರೈಲಿನ ಹಾದಿಯೇ ಎರಡು ದಿನ ನುಂಗುತ್ತದೆ. ಉಳಿದ ಎರಡು ದಿನಗಳಲ್ಲಿ ಹಿಂದಿ ಬಾರದ, ಸೇನಾ ಕಾಯ್ದೆಯ ಹೆಸರೂ ಕೇಳದ ತಂದೆ ವಕೀಲನನ್ನು ಹುಡುಕಬೇಕು.

ಅವನಿಗೆ ಒಂದು ಹಕ್ಕಿದೆ ಎಂದು ಯಾರೂ ಹೇಳಿರುವುದಿಲ್ಲ. ಅದೇ ನಿಯಮಗಳ 129ನೆಯದು ಆರೋಪಿಗೆ ತನ್ನ ಸಹಾಯಕ್ಕೆ ಒಬ್ಬರನ್ನು, ವಕೀಲನಾದರೂ ಸರಿ, ಪಕ್ಕದಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆತ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ. ಆದರೆ ಏನು ಕೇಳಬೇಕೆಂದು ಆರೋಪಿಯ ಕಿವಿಯಲ್ಲಿ ಹೇಳಬಹುದು. ತಪ್ಪೊಪ್ಪಿಕೊಂಡರೆ ಏನಾಗುತ್ತದೆ ಎಂಬುದನ್ನು ಆರೋಪಿಗೆ ವಿವರಿಸುವುದು ನ್ಯಾಯಾಲಯದ ಕರ್ತವ್ಯವೆಂದು 115ನೇ ನಿಯಮ ಹೇಳುತ್ತದೆ. ತನ್ನ ಕಮಾಂಡಿಂಗ್ ಆಫೀಸರರ ಎದುರು ಒಬ್ಬನೇ ನಿಂತ ಇಪ್ಪತ್ತೆರಡರ ಹುಡುಗ “ತಪ್ಪಾಯಿತು ಸಾಹೇಬ್” ಎಂದುಬಿಡುವುದಕ್ಕೂ ಪಲಾಯನದ ಆರೋಪವನ್ನು ತಿಳಿದು ಒಪ್ಪಿಕೊಳ್ಳುವುದಕ್ಕೂ ಇರುವ ಅಂತರವನ್ನು ನೆನಪಿಸಲು ಆ ಒಬ್ಬ ಸಹಾಯಕ ಬೇಕು.

ಒಬ್ಬ ಅಧಿಕಾರಿಯೇ ನ್ಯಾಯಾಲಯವಾದಾಗ ಏನಾಗಬಹುದು ಎಂಬುದಕ್ಕೆ ಸಿಗ್ನಲ್‌ಮನ್ ರಣಜಿತ್ ಠಾಕೂರ್ ಅವರ ಪ್ರಕರಣವಿದೆ. ತಮ್ಮ ಕಮಾಂಡಿಂಗ್ ಆಫೀಸರರ ವಿರುದ್ಧ ಮೇಲಿನವರಿಗೆ ನೇರವಾಗಿ ದೂರು ಬರೆದದ್ದಕ್ಕೆ 28 ದಿನಗಳ ಶಿಕ್ಷೆ ಅನುಭವಿಸುತ್ತಿದ್ದ ಅವರು, 1985ರ ಮೇ ತಿಂಗಳಲ್ಲಿ ಊಟ ಮಾಡೆಂಬ ಆಜ್ಞೆಯನ್ನು ನಿರಾಕರಿಸಿದರು. ದೂರು ಯಾರ ಮೇಲಿತ್ತೋ ಅದೇ ಅಧಿಕಾರಿ ಸಮರಿ ಕೋರ್ಟ್ ಮಾರ್ಷಲಿನಲ್ಲಿ ಕುಳಿತರು. ಒಂದು ವರ್ಷದ ಕಠಿಣ ಸಜೆ, ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು: ಪಕ್ಷಪಾತದ ಕಾರಣಕ್ಕೂ, ಅಪರಾಧಕ್ಕೆ ಮೀರಿದ ಶಿಕ್ಷೆ ಎಂಬ ಕಾರಣಕ್ಕೂ. ಸೇನೆಯ ಹಿರಿಮೆಗೆ ಇದರಿಂದ ಏನೂ ಕುಂದು ಬರಲಿಲ್ಲ. ಸೈನಿಕನ ಪರ ವಾದಿಸುವುದು ಸೇನೆಯ ವಿರುದ್ಧ ವಾದಿಸುವುದಲ್ಲವೆಂದು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಅರ್ಥವಾಗಿದೆ. ಸಂಘದ ಪದಾಧಿಕಾರಿಗಳಿಗೆ ಅರ್ಥವಾಗಿಲ್ಲ.

ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಒಂದೇ ಒಂದು ನ್ಯಾಯಾಂಗ ಮೇಲ್ಮನವಿಯೂ ಇಲ್ಲದಿರುವುದು ದೊಡ್ಡ ಕೊರತೆಯೆಂದು ಪ್ರೀತಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1982ರಲ್ಲಿ. ಸಂಸತ್ತು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆಯನ್ನು ಮಾಡಿದ್ದು 2007ರಲ್ಲಿ. ಇಪ್ಪತ್ತೈದು ವರ್ಷ! ಸಂಸದರನ್ನು ಸಮಾಜದ ಸಮಾರಂಭಗಳಿಗೆ ಕರೆದು ಹಾರ ಹಾಕುವವರು ಈ ಇಪ್ಪತ್ತೈದು ವರ್ಷಗಳ ಬಗ್ಗೆ ಒಮ್ಮೆಯೂ ಕೇಳಿರಲಾರರು. ಆ ಕಾಯ್ದೆಯಲ್ಲೂ ಒಂದು ಮುಳ್ಳಿದೆ. ಅದರ 3ನೇ ಕಲಮಿನ ವ್ಯಾಖ್ಯೆ, ಯಾವ ಬಗೆಯ ರಜೆಯ ವಿಷಯವನ್ನೂ ಸೇವಾ ವಿಷಯಗಳ ಪಟ್ಟಿಯಿಂದ ಹೊರಗಿಟ್ಟಿದೆ. ಎಷ್ಟೋ ಗೈರುಹಾಜರಿಗಳ ಬೇರು ಸಿಗದ ರಜೆಯಲ್ಲೇ ಇರುತ್ತದೆ. ತಂದೆಗೆ ಲಕ್ವಾ ಹೊಡೆದರೂ ರಜೆ ಸಿಗಲಿಲ್ಲವೆಂದು ದೂರುವವನಿಗೆ ಅಲ್ಲಿ ಬಾಗಿಲಿಲ್ಲ, ರಜೆಯಿಲ್ಲದೆ ಹೊರಟು ಶಿಕ್ಷೆಗೆ ಗುರಿಯಾದವನಿಗೆ ಮಾತ್ರ ಬಾಗಿಲಿದೆ. ಸಮರಿ ಕೋರ್ಟ್ ಮಾರ್ಷಲ್ ಆದರೆ, ವಜಾ ಅಥವಾ ಮೂರು ತಿಂಗಳಿಗೆ ಮೀರಿದ ಸೆರೆವಾಸ ಆಗಿದ್ದರೆ ಮಾತ್ರ ಅದು ಆ ಪಟ್ಟಿಯೊಳಗೆ ಬರುತ್ತದೆ. ರಾಜಕೀಯವಾಗಿ ಕೇಳಬೇಕಾದ ತಿದ್ದುಪಡಿ ಇದು. ಯಾವ ಪಕ್ಷದ ಪ್ರಣಾಳಿಕೆಯೂ ಇದಕ್ಕೆ ಜಾಗ ಕೊಡದು, ಏಕೆಂದರೆ ಓಡಿಬಂದವನ ಮನೆಯಲ್ಲಿರುವ ಮತಗಳು ನಾಲ್ಕೋ ಐದೋ.

ಹಣದ ಲೆಕ್ಕವನ್ನೂ ನೋಡಬೇಕು. ಸಮಾಜಕ್ಕೆ ಬೇಗ ಅರ್ಥವಾಗುವ ಭಾಷೆ ಅದು. ಗೈರಾದ ಪ್ರತಿ ದಿನದ ಸಂಬಳ, ಭತ್ಯೆ, ಸೆರೆಯಲ್ಲಿದ್ದ ಪ್ರತಿ ದಿನದ್ದೂ, ಸೇನಾ ಕಾಯ್ದೆಯ 91ನೇ ಕಲಮಿನಂತೆ ಕಡಿತಕ್ಕೆ ಗುರಿ. ಜವಾನನಿಗೆ ಪಿಂಚಣಿ ಬರಲು 15 ವರ್ಷದ ಸೇವೆ ಬೇಕು. ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿಯೂ ಇಲ್ಲ, ಮಾಜಿ ಸೈನಿಕನೆಂಬ ಮಾನ್ಯತೆಯೂ ಇಲ್ಲ, ಆದ್ದರಿಂದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ನೆರವೂ ಇಲ್ಲ. ಮನೆಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ತಪ್ಪು ಮಾಡಿದವನು ಒಬ್ಬ, ದಂಡ ತೆರುವವರು ಅವನ ತಾಯಿ, ಹೆಂಡತಿ, ಶಾಲೆಗೆ ಹೋಗುವ ಮಗು. ಈ ಕುಟುಂಬ ಬಡತನಕ್ಕೆ ಜಾರುವುದು ಖಾತೆ ಪುಸ್ತಕದಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ಆಗ ಟ್ರಸ್ಟಿನವರು ಹೊರತೆಗೆಯುವ ಕಡೆಯ ಆಯುಧ, “ನಮ್ಮ ಡೀಡಿನಲ್ಲಿ ಅವಕಾಶ ಇಲ್ಲ, ಆಡಿಟ್ಟಿನವರು ಒಪ್ಪುವುದಿಲ್ಲ.” ಈ ಮಾತಿನಷ್ಟು ಹುಸಿಯಾದ ಮಾತು ಇನ್ನೊಂದಿಲ್ಲ. ಬಹುತೇಕ ಧರ್ಮಾರ್ಥ ಟ್ರಸ್ಟುಗಳ ಉದ್ದೇಶಗಳಲ್ಲಿ ಬಡವರಿಗೆ ನೆರವು ಎಂಬ ಮಾತು ಇದ್ದೇ ಇರುತ್ತದೆ. ಆದಾಯ ತೆರಿಗೆ ಕಾಯ್ದೆ ಧರ್ಮಾರ್ಥ ಉದ್ದೇಶದ ಪಟ್ಟಿಯನ್ನು ಆರಂಭಿಸುವುದೇ ಬಡವರ ಪರಿಹಾರದಿಂದ. ಶಿಕ್ಷಣ, ವೈದ್ಯಕೀಯ ನೆರವು ಅದರ ನಂತರ ಬರುತ್ತವೆ. ಆ ಮನೆಯ ಮಗುವಿನ ಶಾಲಾ ಶುಲ್ಕ ಕಟ್ಟಿದರೆ, ತಾಯಿಯ ಔಷಧಿಯ ಬಿಲ್ಲು ತೀರಿಸಿದರೆ, ರೈಲಿನ ಟಿಕೆಟ್ಟು ತೆಗೆಸಿಕೊಟ್ಟರೆ ಯಾವ ಲೆಕ್ಕಪರಿಶೋಧಕನೂ ಪೆನ್ನು ಎತ್ತಿ ಕೆಂಪು ಗೆರೆ ಎಳೆಯುವುದಿಲ್ಲ, ರಸೀತಿ ಇದ್ದರೆ ಸಾಕು. ಕಾಯ್ದೆಯ ಪ್ರಕಾರ ವರ್ಷದ ಆದಾಯದ 85 ಪಾಲನ್ನು ಖರ್ಚು ಮಾಡಬೇಕೆಂದು ಮಾರ್ಚ್ ತಿಂಗಳಲ್ಲಿ ಅಮೃತಶಿಲೆಯ ನೆಲಹಾಸನ್ನು ಕಿತ್ತು ಇನ್ನೊಂದು ಅಮೃತಶಿಲೆ ಹಾಸಿಸುವ ಟ್ರಸ್ಟುಗಳಿವೆ. ಅವರಿಗೆ ಡೀಡು ಅಡ್ಡ ಬರುವುದಿಲ್ಲ. ಇನ್ನು ವಕೀಲರ ಶುಲ್ಕದ ಮಾತು. ಬಂಧನದಲ್ಲಿರುವವರಿಗೂ ಯಾವುದೇ ಮಹಿಳೆಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಅರ್ಹತೆಯನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಕೊಟ್ಟಿದೆ. ತಾಯಿಯೇ ಅರ್ಜಿದಾರಳಾದರೆ ಅವಳ ಹೆಸರೇ ಸಾಕು. ಅರ್ಜಿ ತುಂಬಿಕೊಡುವವನೊಬ್ಬ ಬೇಕು, ಅಷ್ಟೆ.

ದೇಶಭಕ್ತಿಯ ಭಾಷಣಕಾರರು ಇಲ್ಲಿ ಫೀಲ್ಡ್ ಮಾರ್ಷಲ್ ಕಾರಿಯಪ್ಪನವರನ್ನು ಎಳೆದು ತರುತ್ತಾರೆ. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದ ಸೆರೆಯಾದಾಗ, ಒಮ್ಮೆ ತಮ್ಮ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಬಿಡುಗಡೆಯ ಮಾತೆತ್ತಿದರೂ ಅವರು ಒಪ್ಪಲಿಲ್ಲ. ಎಂಥ ತಂದೆ ನೋಡಿ, ಮಗನಿಗಾಗಿ ಕೈಚಾಚಲಿಲ್ಲ ಎಂದು ಹೇಳಿ, ಎದುರು ನಿಂತ ಬಡ ತಂದೆಯ ಕೈಯನ್ನು ಕೆಳಗಿಳಿಸುತ್ತಾರೆ. ಕತೆಯನ್ನು ಪೂರ್ತಿ ಹೇಳುವುದಿಲ್ಲ. ಕಾರಿಯಪ್ಪನವರು ನಿರಾಕರಿಸಿದ್ದು ತಮ್ಮ ಮಗನಿಗೆ ಮಾತ್ರ ಸಿಗುವ ವಿಶೇಷ ದಯೆಯನ್ನು. ಕೇಳಿದ್ದು ಸೆರೆಯಾದ ಎಲ್ಲ ಭಾರತೀಯ ಸೈನಿಕರಿಗೂ ಒಂದೇ ಬಗೆಯ ಉಪಚಾರವನ್ನು. ಅಬಿಡ್ಸಿಗೆ ಬಂದ ತಾಯಿ ಕೇಳುವುದೂ ಅದನ್ನೇ. ಮಂತ್ರಿಯ ಶಿಫಾರಸು ಅವಳಿಗೆ ಬೇಕಾಗಿಲ್ಲ, 96 ಗಂಟೆ ಬೇಕು. ಕಡತ ಮುಚ್ಚಿಹಾಕುವುದು ಬೇಕಾಗಿಲ್ಲ, ಆಸ್ಪತ್ರೆಯ ಕಾಗದವನ್ನು ಕಡತದೊಳಗೆ ಸೇರಿಸುವುದು ಬೇಕು. ಕಾನೂನು ಎಲ್ಲರಿಗೂ ಕೊಟ್ಟದ್ದನ್ನು ಕೇಳುವವಳನ್ನು ಭಿಕ್ಷುಕಿಯಂತೆ ಕಾಣುವುದಕ್ಕೆ ಕಾರಿಯಪ್ಪನವರ ಹೆಸರನ್ನು ಬಳಸುವುದು ಅವರಿಗೂ ಅಪಚಾರ.

ಬ್ರಿಟನ್ನಿನಲ್ಲಿ ಇಂಥ ಅಪಚಾರವನ್ನು ಸರಿಪಡಿಸಲು ತೊಂಬತ್ತು ವರ್ಷ ಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ಪಲಾಯನ, ಹೇಡಿತನದಂಥ ಆರೋಪಗಳ ಮೇಲೆ ತಮ್ಮದೇ ಸೇನೆಯ ಗುಂಡಿಗೆ ಬಲಿಯಾದ 306 ಮಂದಿಗೆ ಅಲ್ಲಿನ ಸಂಸತ್ತು 2006ರಲ್ಲಿ ಕ್ಷಮಾದಾನ ನೀಡಿತು. ಅವರಲ್ಲೊಬ್ಬ ಹ್ಯಾರಿ ಫಾರ್. ಸಿಡಿಗುಂಡಿನ ಆಘಾತದಿಂದ ಆಸ್ಪತ್ರೆ ಸೇರಿದ್ದವನು. 1916ರ ಅಕ್ಟೋಬರಿನಲ್ಲಿ ಹೇಡಿಯೆಂದು ಕೊಲ್ಲಲ್ಪಟ್ಟವನು. ವಿಧವೆಯ ಪಿಂಚಣಿ ನಿಂತಿತು, ಮನೆ ಬಾಯಿಮುಚ್ಚಿಕೊಂಡಿತು. ಬಾಯಿಬಿಟ್ಟು ಹೋರಾಡಿದ ಮಗಳು ಗರ್ಟ್ರೂಡ್ ಹ್ಯಾರಿಸ್ ಕ್ಷಮಾದಾನದ ಸುದ್ದಿ ಕೇಳುವಾಗ ತೊಂಬತ್ತು ದಾಟಿದ್ದರು.

ಜೈನ ಸಮಾಜ ಹೊರಗಿನ ಉದಾಹರಣೆಗೆ ಕೈಚಾಚಬೇಕಾಗಿಯೂ ಇಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಎಣಿಸುವಾಗ ಸ್ಥಿತಿಕರಣವನ್ನೂ ಒಂದೆಂದು ಇಟ್ಟಿದೆ: ಮಾರ್ಗದಿಂದ ಜಾರಿದವನನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದು. ಅದಕ್ಕೆ ಹೇಳುವ ದೃಷ್ಟಾಂತ ವಾರಿಷೇಣನದು. ದೀಕ್ಷೆ ತೊಟ್ಟರೂ ಮನೆಯ ಹಂಬಲ ಬಿಡದೆ ಹಿಂದಿರುಗಲು ಹೊರಟ ಗೆಳೆಯನನ್ನು ವಾರಿಷೇಣ ಮುನಿ ಬಯ್ಯಲಿಲ್ಲ, ಸಂಘದಿಂದ ಹೊರದೂಡಲಿಲ್ಲ. ಜೊತೆಯಲ್ಲೇ ನಡೆದು ಅರಮನೆಯವರೆಗೆ ಹೋಗಿ, ತಾನು ಬಿಟ್ಟುಬಂದದ್ದನ್ನು ಅವನಿಗೆ ತೋರಿಸಿ, ಅವನ ಮನಸ್ಸನ್ನು ತಿರುಗಿಸಿದ. ವ್ರತ ಬಿಟ್ಟು ಓಡುವವನ ಬಗ್ಗೆ ಶಾಸ್ತ್ರದ ನಿಲುವೇ ಇದಾದರೆ, ಪಡೆ ಬಿಟ್ಟು ಓಡಿಬಂದವನ ಬಗ್ಗೆ ಶ್ರಾವಕನ ನಿಲುವು ಯಾವುದಿರಬೇಕು? ಅದೇ ವಾರಿಷೇಣನ ಕತೆಯ ಮೊದಲ ಭಾಗವನ್ನು ಪ್ರವಚನಗಳಲ್ಲಿ ಬೇಗ ದಾಟಿಸುತ್ತಾರೆ. ಕಳ್ಳನೊಬ್ಬ ಧ್ಯಾನದಲ್ಲಿದ್ದ ವಾರಿಷೇಣನ ಬಳಿ ಹಾರವನ್ನು ಎಸೆದು ಓಡಿದ. ಸುದ್ದಿ ಕೇಳಿದ ತಂದೆ ಶ್ರೇಣಿಕ ಮಹಾರಾಜ ವಿಚಾರಿಸದೆ ಮಗನ ತಲೆ ಕಡಿಯಲು ಆಜ್ಞೆಯಿತ್ತ. ಎತ್ತಿದ ಕತ್ತಿ ಹೂಮಾಲೆಯಾಯಿತು ಎಂದು ಕತೆ ಹೇಳುತ್ತದೆ. ಕೋರ್ಟ್ ಮಾರ್ಷಲಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕಾಗದ ಬೇಕು.

ಸಾಮರ್ಥ್ಯವಿಲ್ಲವೆಂಬ ನೆಪವೂ ನಿಲ್ಲದು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಅಪರಾಧವೆಂದು ಹೇಳಿತು. ಆಗಸ್ಟ್ 24ರಂದು ದೇಶದ ಊರೂರುಗಳಲ್ಲಿ ಜೈನರು ಅಂಗಡಿ ಮುಚ್ಚಿ ಬೀದಿಗಿಳಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂತು. ಇಪ್ಪತ್ತೊಂದು ದಿನಗಳಲ್ಲಿ ದೇಶದ ದೊಡ್ಡ ವಕೀಲರನ್ನು ನಿಲ್ಲಿಸಿ ತಡೆಯಾಜ್ಞೆ ತಂದ ಸಮಾಜಕ್ಕೆ, ಒಬ್ಬ ತಾಯಿಗಾಗಿ ನಾಲ್ಕು ದಿನಗಳಲ್ಲಿ ಒಬ್ಬ ವಕೀಲನನ್ನು ಹುಡುಕಲು ಆಗುವುದಿಲ್ಲವೆಂದರೆ ಕೊರತೆ ಇರುವುದು ಬಲದಲ್ಲಿ ಅಲ್ಲ.

ಕೇಳಬೇಕಾದುದು ಬಹಳವೇನೂ ಇಲ್ಲ. ಹೈದರಾಬಾದ್, ಸೊಲ್ಲಾಪುರ, ಮುಂಬಯಿ, ಚೆನ್ನೈ, ಎಲ್ಲೆಲ್ಲಿ ಕನ್ನಡ ಜೈನರ ಸಂಘವಿದೆಯೋ ಅಲ್ಲಲ್ಲಿ ಸೇನಾ ಕಾನೂನು ಬಲ್ಲ ಒಬ್ಬ ನಿವೃತ್ತ ಅಧಿಕಾರಿಯ ಮತ್ತು ಒಬ್ಬ ವಕೀಲರ ಹೆಸರು ಸಂಘದ ಸೂಚನಾ ಫಲಕದಲ್ಲಿರಲಿ. ಚಾತುರ್ಮಾಸದ ಒಂದು ದಿನದ ಸವಾಲಿನ ಹಣ ಪ್ರಯಾಣದ ಖರ್ಚಿಗೆಂದು ಬೇರೆ ಖಾತೆಯಲ್ಲಿರಲಿ. ಜೈನರಿಗೆ ಮಾತ್ರ ಎಂಬ ಷರತ್ತು ಬೇಡ. ಒಂದು ಸಮುದಾಯಕ್ಕೇ ಮೀಸಲಾದ ಧರ್ಮಾರ್ಥ ಟ್ರಸ್ಟನ್ನು ತೆರಿಗೆ ಕಾಯ್ದೆ ಹೇಗೂ ಅನುಮಾನದಿಂದ ನೋಡುತ್ತದೆ, ಮತ್ತು ಪಲಾಯನದ ಆರೋಪ ಹೊತ್ತ ಹುಡುಗರಲ್ಲಿ ಹೆಚ್ಚಿನವರು ಒಕ್ಕಲುಮಕ್ಕಳು, ಕೂಲಿಯವರ ಮಕ್ಕಳು. ಬಂದವರಿಗೆ ಮೊದಲ ದಿನವೇ ಹೇಳಬೇಕಾದದ್ದು ಇಷ್ಟು: ಮಗ ಹೊರಗಿದ್ದರೆ ಶರಣಾಗಿಸಿ, ರಸೀತಿ ಪಡೆಯಿರಿ, ಒಳಗಿದ್ದರೆ ಕಮಾಂಡಿಂಗ್ ಆಫೀಸರರಿಗೆ ಸಹಾಯಕನ ಹೆಸರು ಬರೆದು ತಂತಿಯಂತೆ ಚಿಕ್ಕದಾಗಿ, ಸ್ಪೀಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಕಳಿಸಿ, ಶಿಕ್ಷೆ ಆಗಿದ್ದರೆ 164ನೇ ಕಲಮಿನ ಅರ್ಜಿ, ಅದರ ಜೊತೆಗೆ ನ್ಯಾಯಮಂಡಳಿ. ತೆಲಂಗಾಣದಲ್ಲಿ ನೆಲೆಸಿದವರಿಗೆ ಚೆನ್ನೈ ಪೀಠ, ಕರ್ನಾಟಕದವರಿಗೆ ಕೊಚ್ಚಿ ಪೀಠ. ಆಸ್ಪತ್ರೆಯ ಕಾಗದಗಳ ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ನೆರಳಚ್ಚು ಕೊಡಿ.